ಜೋಡಿ ಪಟ್ಟಿ, ಜೋಡಿ ದಾರಿ: ಹಳೆಯ ಗಣಕಯಂತ್ರಗಳಲ್ಲಿ ಮೆಮೊರಿಯ ಜೋಡಣೆ

ಕನ್ನಡ ಮಾಧ್ಯಮ ಶಾಲೆಗಳ ಅಧ್ಯಾಪಕರ ತರಬೇತಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ



ಗಡಿನಾಡಿನ ಶಾಲೆಗಳ ಗಣಕ ಕೊಠಡಿಯಲ್ಲಿ ಕೇಳಿಬರಬಹುದಾದ ಒಂದು ಮಾತುಂಟು: “ಕನ್ನಡದಲ್ಲಿ ಟೈಪು ಮಾಡಿದರೆ ಕಂಪ್ಯೂಟರ್ ನಿಧಾನವಾಗುತ್ತದೆ.” ವಿದ್ಯಾರ್ಥಿಯು ಕೀಲಿಯನ್ನು ಒತ್ತುತ್ತಾನೆ, ಅಕ್ಷರ ತಡವಾಗಿ ಮೂಡುತ್ತದೆ, ಒತ್ತಕ್ಷರ ಇನ್ನೂ ತಡವಾಗಿ ಮೂಡಿದಂತೆ ತೋರುತ್ತದೆ. ಇಂಥ ನಾಲ್ಕು ತರಗತಿಗಳು ಕಳೆಯುವಷ್ಟರಲ್ಲಿ ಆ ಮಗುವಿನ ಮನಸ್ಸಿನಲ್ಲಿ ಒಂದು ತೀರ್ಮಾನ ನೆಲೆಗೊಳ್ಳುತ್ತದೆ: ಯಂತ್ರಕ್ಕೂ ತನ್ನ ಭಾಷೆಗೂ ಹೊಂದಿಕೆಯಿಲ್ಲ. ಈ ತೀರ್ಮಾನ ತಪ್ಪು. ಕನ್ನಡದ ಅಕ್ಷರವನ್ನು ಜೋಡಿಸಿ ತೋರಿಸುವ ಕೆಲಸ ಇಪ್ಪತ್ತು ವರ್ಷ ಹಳೆಯ ಪ್ರೊಸೆಸರಿಗೂ ಹೊರೆಯಲ್ಲ. ನಿಧಾನದ ಕಾರಣ ಭಾಷೆಯಲ್ಲಿಲ್ಲ. ಅದನ್ನು ಪೆಟ್ಟಿಗೆಯ ಒಳಗೆ ಹುಡುಕಬೇಕು. ಆ ಹುಡುಕಾಟದಲ್ಲಿ ಅಧ್ಯಾಪಕರು ಮೊದಲು ನೋಡಬೇಕಾದ ಸ್ಥಳ ಮದರ್‌ಬೋರ್ಡಿನ ಮೇಲೆ ನಿಂತಿರುವ ರ‍್ಯಾಮ್ ಪಟ್ಟಿಗಳು.

ಪ್ರೊಸೆಸರ್ ಕೆಲಸ ಮಾಡುವಾಗ ತನಗೆ ಬೇಕಾದ ಮಾಹಿತಿಯನ್ನು ರ‍್ಯಾಮ್‌ನಿಂದ ಪಡೆಯುತ್ತದೆ. ಈ ಎರಡರ ನಡುವೆ ಇರುವ ದಾರಿಗೆ ಚಾನೆಲ್ ಎಂದು ಹೆಸರು. ಡಿಡಿಆರ್, ಡಿಡಿಆರ್2, ಡಿಡಿಆರ್3 ಪಟ್ಟಿಗಳ ಕಾಲದಲ್ಲಿ ಒಂದು ಚಾನೆಲ್‌ನ ಅಗಲ 64 ಬಿಟ್, ಅಂದರೆ 8 ಬೈಟ್. ಒಂದು ಸಲಕ್ಕೆ 8 ಬೈಟ್‌ಗಳಷ್ಟು ಮಾಹಿತಿ ಅದರಲ್ಲಿ ಸಾಗುತ್ತದೆ. ಮದರ್‌ಬೋರ್ಡಿನಲ್ಲಿ ಇಂಥ ಎರಡು ದಾರಿಗಳಿದ್ದು, ಎರಡರಲ್ಲಿಯೂ ಪಟ್ಟಿಗಳಿದ್ದರೆ ಒಟ್ಟು ಅಗಲ 128 ಬಿಟ್ ಆಗುತ್ತದೆ. ಇದೇ ಡ್ಯುಯಲ್ ಚಾನೆಲ್ ವ್ಯವಸ್ಥೆ.

ಈ ವ್ಯವಸ್ಥೆ ಏಕೆ ಬಂದಿತೆಂಬುದನ್ನು ಕಪ್ಪುಹಲಗೆಯ ಮೇಲೆ ಒಂದು ಗುಣಾಕಾರದಿಂದ ತೋರಿಸಬಹುದು. ಡಿಡಿಆರ್400 ಪಟ್ಟಿಯು ಸೆಕೆಂಡಿಗೆ 40 ಕೋಟಿ ಸಲ ಮಾಹಿತಿಯನ್ನು ಕಳುಹಿಸುತ್ತದೆ. ಪ್ರತಿಸಲ 8 ಬೈಟ್ ಎಂದರೆ ಸೆಕೆಂಡಿಗೆ 3200 ಮೆಗಾಬೈಟ್. ಪಟ್ಟಿಯ ಚೀಟಿಯ ಮೇಲೆ ಪಿಸಿ3200 ಎಂದು ಬರೆದಿರುವುದರ ಅರ್ಥ ಇದೇ. ಆದರೆ 2003ರ ಪೆಂಟಿಯಮ್ 4 ಪ್ರೊಸೆಸರುಗಳಲ್ಲಿ ಕೆಲವು 800 ಮೆಗಾಹರ್ಟ್ಸ್ ಎಂದು ಗುರುತಿಸಲಾದ ಬಸ್ಸಿನ ಮೂಲಕ ಸೆಕೆಂಡಿಗೆ 6400 ಮೆಗಾಬೈಟ್ ಸ್ವೀಕರಿಸಬಲ್ಲವಾಗಿದ್ದವು. ಒಂದು ಪಟ್ಟಿಯ ದಾರಿ ಅದರ ಅರ್ಧವನ್ನಷ್ಟೇ ತುಂಬಿಸುತ್ತಿತ್ತು. ಆದಕಾರಣ ಅದೇ ವರ್ಷ ಬಂದ ಇಂಟೆಲ್ 865 ಮತ್ತು 875 ಚಿಪ್‌ಸೆಟ್‌ಗಳಲ್ಲಿ ಎರಡು ದಾರಿಗಳನ್ನು ಇಡಲಾಯಿತು. 3200ರ ಎರಡು ಪಟ್ಟು 6400, ಲೆಕ್ಕ ಸರಿಹೊಂದಿತು.

ಮಕ್ಕಳಿಗೆ ಈ ವಿಷಯವನ್ನು ತಿಳಿಸಲು ಊಟದ ಪಂಕ್ತಿಗಿಂತ ಉತ್ತಮ ಹೋಲಿಕೆ ಬೇರೆ ಬೇಡ. ಎದುರುಬದುರಾಗಿ ಎರಡು ಸಾಲು ಎಲೆಗಳು, ಬಡಿಸುವವರು ಇಬ್ಬರು, ಇಬ್ಬರ ಕೈಯಲ್ಲಿಯೂ ಸಮನಾದ ಪಾತ್ರೆ. ಒಬ್ಬೊಬ್ಬರು ಒಂದೊಂದು ಸಾಲಿಗೆ ಇಳಿದರೆ ಪಂಕ್ತಿಯು ಅರ್ಧ ಸಮಯದಲ್ಲಿ ಮುಗಿಯುತ್ತದೆ. ಇಬ್ಬರೂ ಒಂದೇ ಸಾಲಿನಲ್ಲಿ ಒಬ್ಬರ ಹಿಂದೆ ಒಬ್ಬರು ನಡೆದರೆ, ಪಾತ್ರೆ ಎರಡಿದ್ದರೂ ವೇಗ ಒಬ್ಬರದೇ. ಎರಡು ರ‍್ಯಾಮ್ ಪಟ್ಟಿಗಳನ್ನು ಒಂದೇ ಚಾನೆಲ್‌ನ ಎರಡು ಸ್ಲಾಟುಗಳಲ್ಲಿ ಕೂರಿಸಿದಾಗ ಆಗುವುದು ಇದೇ. ಪ್ರಮಾಣ ಪೂರ್ತಿ ದೊರೆಯುತ್ತದೆ, ಯಂತ್ರವೂ ಯಾವ ದೂರನ್ನೂ ಹೇಳದೆ ನಡೆಯುತ್ತದೆ. ಒಂದು ದಾರಿ ಮಾತ್ರ ವರ್ಷಗಟ್ಟಲೆ ಮುಚ್ಚಿಯೇ ಇರುತ್ತದೆ. ದೋಷವು ಸದ್ದು ಮಾಡದಿರುವುದರಿಂದಲೇ ಅದು ಯಾರ ಗಮನಕ್ಕೂ ಬರುವುದಿಲ್ಲ.

ಹಾಗಾದರೆ ಯಾವ ಸ್ಲಾಟು ಯಾವ ದಾರಿಗೆ ಸೇರಿದ್ದು? ನಾಲ್ಕು ಸ್ಲಾಟುಗಳಿರುವ ಬೋರ್ಡಿನಲ್ಲಿ ಸಾಮಾನ್ಯವಾಗಿ ಮೊದಲ ಎರಡು ಒಂದು ಚಾನೆಲ್‌ಗೂ ಉಳಿದೆರಡು ಇನ್ನೊಂದಕ್ಕೂ ಸೇರಿರುತ್ತವೆ. ಇಂಟೆಲ್‌ನ ಆ ಕಾಲದ ಅನೇಕ ಬೋರ್ಡುಗಳಲ್ಲಿ ಪ್ರತಿ ಚಾನೆಲ್‌ನ ಮೊದಲ ಸ್ಲಾಟಿಗೆ ನೀಲಿ ಬಣ್ಣ, ಎರಡನೆಯದಕ್ಕೆ ಕಪ್ಪು ಬಣ್ಣ. ಆದ್ದರಿಂದ ಎರಡು ಪಟ್ಟಿಗಳನ್ನು ಎರಡು ನೀಲಿ ಸ್ಲಾಟುಗಳಲ್ಲಿ, ನಡುವೆ ಒಂದು ಸ್ಲಾಟು ಬಿಟ್ಟು ಕೂರಿಸಬೇಕು. ಪಕ್ಕಪಕ್ಕದಲ್ಲಿರುವುದು ಜೋಡಿಯೆಂದು ಕಣ್ಣಿಗೆ ತೋರುತ್ತದೆ. ಇಲ್ಲಿ ಜೋಡಿ ಎಂದರೆ ಒಂದನ್ನು ಬಿಟ್ಟು ಇನ್ನೊಂದು. ತಪ್ಪುಗಳಲ್ಲಿ ಹೆಚ್ಚಿನವು ಈ ಒಂದು ಭ್ರಮೆಯಿಂದಲೇ ಹುಟ್ಟುತ್ತವೆ.

ಆದರೂ ಬಣ್ಣವನ್ನೇ ಶಾಸನವೆಂದು ನಂಬಕೂಡದು. ಕೆಲವು ತಯಾರಕರು ಒಂದೇ ಚಾನೆಲ್‌ನ ಎರಡೂ ಸ್ಲಾಟುಗಳಿಗೆ ಒಂದೇ ಬಣ್ಣ ಕೊಟ್ಟಿದ್ದಾರೆ; ಅಂಥಲ್ಲಿ ಬೇರೆ ಬೇರೆ ಬಣ್ಣದ ಸ್ಲಾಟುಗಳಲ್ಲಿ ಪಟ್ಟಿಗಳನ್ನು ಇಡಬೇಕಾಗುತ್ತದೆ. ಕೆಲವು ಬ್ರ್ಯಾಂಡೆಡ್ ಗಣಕಗಳಲ್ಲಿ ಸ್ಲಾಟಿಗೆ ಬದಲಾಗಿ ತುದಿಯ ಕೊಂಡಿಗೆ ಬಣ್ಣವಿರುತ್ತದೆ. ಈಚಿನ ಅನೇಕ ಬೋರ್ಡುಗಳಲ್ಲಿ ಪ್ರೊಸೆಸರಿನಿಂದ ಎಣಿಸಿದಾಗ ಎರಡನೆಯ ಮತ್ತು ನಾಲ್ಕನೆಯ ಸ್ಲಾಟುಗಳನ್ನು ಮೊದಲು ತುಂಬಬೇಕೆಂಬ ನಿಯಮವಿದೆ. ಬೋರ್ಡಿನ ಮೇಲೆಯೇ ಸ್ಲಾಟಿನ ಪಕ್ಕದಲ್ಲಿ ಸಣ್ಣ ಅಕ್ಷರಗಳಲ್ಲಿ ಚಾನೆಲ್ ಎ, ಚಾನೆಲ್ ಬಿ ಎಂಬ ಸೂಚನೆ ಅಚ್ಚಾಗಿರಬಹುದು; ಅದನ್ನು ಓದಬೇಕು. ಬೋರ್ಡಿನ ಮಾದರಿ ಸಂಖ್ಯೆಯನ್ನು ಬರೆದುಕೊಂಡು ಅದರ ಕೈಪಿಡಿಯನ್ನು ನೋಡುವುದು ಎಲ್ಲಕ್ಕಿಂತ ನಿಶ್ಚಿತವಾದ ಮಾರ್ಗ.

ಎರಡೇ ಸ್ಲಾಟುಗಳಿರುವ ಬೋರ್ಡುಗಳೂ ಶಾಲೆಗಳಲ್ಲಿ ಸಾಕಷ್ಟಿವೆ. ಇಂಟೆಲ್ ಜಿ31, ಜಿ41 ಚಿಪ್‌ಸೆಟ್‌ಗಳ ಅಗ್ಗದ ಬೋರ್ಡುಗಳು ಬಹುಮಟ್ಟಿಗೆ ಈ ಬಗೆಯವು. ಅವುಗಳಲ್ಲಿ ಸ್ಲಾಟಿಗೊಂದು ಚಾನೆಲ್. ಎರಡನ್ನೂ ತುಂಬಿದರೆ ಸಾಕು, ಸ್ಥಳದ ಗೊಂದಲವಿಲ್ಲ. ಇದಕ್ಕೆ ವಿರುದ್ಧವಾಗಿ, ಇನ್ನೂ ಹಳೆಯ ಇಂಟೆಲ್ 845 ಚಿಪ್‌ಸೆಟ್‌ನ ಬೋರ್ಡುಗಳಲ್ಲಿಯೂ ಎಎಂಡಿ ಸಾಕೆಟ್ 754ರ ಬೋರ್ಡುಗಳಲ್ಲಿಯೂ ಇರುವುದು ಒಂದೇ ಚಾನೆಲ್. ಅಲ್ಲಿ ಎಷ್ಟು ಬದಲಾಯಿಸಿ ಕೂರಿಸಿದರೂ ಎರಡನೆಯ ದಾರಿ ತೆರೆಯದು. ಇಲ್ಲದ ದಾರಿಯನ್ನು ಹುಡುಕುತ್ತಾ ಶನಿವಾರದ ಮಧ್ಯಾಹ್ನವನ್ನು ಕಳೆಯುವ ಮುನ್ನ ಚಿಪ್‌ಸೆಟ್ ಯಾವುದೆಂದು ತಿಳಿಯುವುದು ಒಳಿತು.

ಇನ್ನು ಪಟ್ಟಿಗಳು ಒಂದಕ್ಕೊಂದು ಎಷ್ಟರಮಟ್ಟಿಗೆ ಹೋಲಬೇಕೆಂಬ ಪ್ರಶ್ನೆ. ಇಂಟೆಲ್ ಬೋರ್ಡುಗಳ ಮಟ್ಟಿಗೆ ಇದಕ್ಕೆ ಮೂರು ಕಾಲಘಟ್ಟಗಳ ಮೂರು ಉತ್ತರಗಳಿವೆ.

ಮೊದಲನೆಯದು 2003ರ 865ರ ಕಾಲ. ಆಗಿನ ನಿಯಮ ಕಠಿಣ: ಎರಡು ಚಾನೆಲ್‌ಗಳ ಎದುರುಬದುರು ಸ್ಲಾಟುಗಳಲ್ಲಿ ಒಂದೇ ಪ್ರಮಾಣದ, ಒಂದೇ ರಚನೆಯ ಪಟ್ಟಿಗಳೇ ಇರಬೇಕು. ಮೂರು ಪಟ್ಟಿ ಹಾಕಿದರೆ ಯಂತ್ರವು ಒಂಟಿ ದಾರಿಗೆ ಮರಳುತ್ತದೆ.

ಎರಡನೆಯದು 2004ರ 915 ಮತ್ತು 2005ರ 945ರ ಕಾಲ. ಇಲ್ಲಿ ಪಟ್ಟಿಗಳು ಅವಳಿಗಳಾಗಿರಬೇಕಿಲ್ಲ. ಎರಡೂ ಚಾನೆಲ್‌ಗಳ ಒಟ್ಟು ಪ್ರಮಾಣ ಸಮನಾಗಿದ್ದರೆ ಸಾಕು. ಒಂದು ಕಡೆ 512 ಮೆಗಾಬೈಟ್‌ನ ಎರಡು ಪಟ್ಟಿ, ಇನ್ನೊಂದು ಕಡೆ 1 ಗಿಗಾಬೈಟ್‌ನ ಒಂದು ಪಟ್ಟಿ ಇದ್ದರೂ ಎರಡು ದಾರಿಗಳು ತೆರೆಯುತ್ತವೆ. ಆದರೆ ಒಂದು ಕಡೆ 1 ಗಿಗಾಬೈಟ್, ಇನ್ನೊಂದು ಕಡೆ 512 ಮೆಗಾಬೈಟ್ ಮಾತ್ರವಿದ್ದರೆ ಒಂಟಿ ದಾರಿಯೇ ಗತಿ.

ಮೂರನೆಯದು 2006ರ 965 ಮತ್ತು ಅನಂತರದ ಕಾಲ. ಆಗ ಫ್ಲೆಕ್ಸ್ ಎಂಬ ಹೊಂದಾಣಿಕೆಯ ಕ್ರಮ ರೂಢಿಗೆ ಬಂದಿತು. ಮತ್ತೆ ಪಂಕ್ತಿಯನ್ನೇ ನೆನೆಯಬಹುದು: ಒಬ್ಬರ ಪಾತ್ರೆ ದೊಡ್ಡದು, ಇನ್ನೊಬ್ಬರದು ಚಿಕ್ಕದು. ಚಿಕ್ಕ ಪಾತ್ರೆ ಬರಿದಾಗುವವರೆಗೆ ಇಬ್ಬರೂ ಜೊತೆಯಾಗಿ ಬಡಿಸುತ್ತಾರೆ. ಉಳಿದುದನ್ನು ದೊಡ್ಡ ಪಾತ್ರೆಯವರು ಒಬ್ಬರೇ ಬಡಿಸುತ್ತಾರೆ. 1 ಗಿಗಾಬೈಟ್ ಮತ್ತು 512 ಮೆಗಾಬೈಟ್ ಪಟ್ಟಿಗಳಿದ್ದರೆ ಎರಡರಿಂದಲೂ 512 ಮೆಗಾಬೈಟ್‌ನಷ್ಟು, ಒಟ್ಟು 1 ಗಿಗಾಬೈಟ್, ಜೋಡಿ ದಾರಿಯಲ್ಲಿ ನಡೆಯುತ್ತದೆ. ಮಿಕ್ಕ 512 ಮೆಗಾಬೈಟ್ ಒಂಟಿ ದಾರಿಯಲ್ಲಿ ನಡೆಯುತ್ತದೆ.

ವೇಗದ ವಿಷಯದಲ್ಲಿ ಮಾತ್ರ ಎಲ್ಲ ಕಾಲಕ್ಕೂ ನಿಯಮ ಒಂದೇ: ನಿಧಾನದವರೊಡನೆ ಎಲ್ಲರೂ ಹೆಜ್ಜೆ ಹಾಕಬೇಕು. ಡಿಡಿಆರ್2-800ರ ಪಟ್ಟಿಯೊಡನೆ ಡಿಡಿಆರ್2-667ರ ಪಟ್ಟಿಯನ್ನು ಸೇರಿಸಿದರೆ ಎರಡೂ 667ರ ವೇಗದಲ್ಲಿ ನಡೆಯುತ್ತವೆ. ಚೀಟಿಯ ಮೇಲಿನ ಪಿಸಿ2-6400 ಎಂಬ ಸಂಖ್ಯೆಯನ್ನು 8ರಿಂದ ಭಾಗಿಸಿದರೆ 800 ದೊರೆಯುತ್ತದೆ. ಪಿಸಿ2-5300 ಎಂದಿದ್ದರೆ ಅದು 667ರ ಪಟ್ಟಿ. ಏಳನೆಯ ತರಗತಿಯ ಮಗುವೂ ಈ ಲೆಕ್ಕವನ್ನು ಮಾಡಬಲ್ಲದು.

ಒಂದು ತಲೆಮಾರಿನ ಪಟ್ಟಿ ಇನ್ನೊಂದು ತಲೆಮಾರಿನ ಸ್ಲಾಟಿಗೆ ಸೇರುವುದಿಲ್ಲ. ಡಿಡಿಆರ್ ಪಟ್ಟಿಗೆ 184 ಸಂಪರ್ಕಬಿಂದುಗಳು; ಡಿಡಿಆರ್2 ಮತ್ತು ಡಿಡಿಆರ್3 ಎರಡಕ್ಕೂ 240. ಸಂಖ್ಯೆ ಒಂದೇ ಆದರೂ ಕೆಳ ಅಂಚಿನ ಕಚ್ಚು ಬೇರೆ ಬೇರೆ ಸ್ಥಳದಲ್ಲಿದೆ, ಅವು ಬೇಡುವ ವಿದ್ಯುತ್ತೂ ಬೇರೆ: ಡಿಡಿಆರ್2ಕ್ಕೆ 1.8 ವೋಲ್ಟ್, ಡಿಡಿಆರ್3ಕ್ಕೆ 1.5 ವೋಲ್ಟ್. ಕಚ್ಚು ಹೊಂದದಿದ್ದಲ್ಲಿ ಬಲಪ್ರಯೋಗ ಮಾಡಿದರೆ ಪಟ್ಟಿಯೂ ಹೋಗುತ್ತದೆ, ಬೋರ್ಡೂ ಹೋಗುತ್ತದೆ.

ಈಗ ಕಾರ್ಯವಿಧಾನ. ಪೆಟ್ಟಿಗೆಯನ್ನು ತೆರೆಯುವ ಮೊದಲು ಮುಖ್ಯೋಪಾಧ್ಯಾಯರ ಒಪ್ಪಿಗೆ ಬೇಕು. ಯಂತ್ರವು ಖಾತರಿ ಅವಧಿಯಲ್ಲಾಗಲಿ ನಿರ್ವಹಣಾ ಒಪ್ಪಂದದಲ್ಲಾಗಲಿ ಇದ್ದರೆ ಸಂಬಂಧಪಟ್ಟವರಿಗೆ ತಿಳಿಸದೆ ಮುಟ್ಟಕೂಡದು. ಒಂದು ಯಂತ್ರದ ಪಟ್ಟಿಯನ್ನು ಇನ್ನೊಂದಕ್ಕೆ ಹಾಕಿದರೆ ದಾಸ್ತಾನು ಪುಸ್ತಕದಲ್ಲಿ ಅದೇ ದಿನ ದಾಖಲಿಸತಕ್ಕದ್ದು. ಇದು ಸಣ್ಣ ವಿಷಯವೆಂದು ತೋರಬಹುದು. ವರ್ಗಾವಣೆಯಾಗಿ ಬರುವ ಮುಂದಿನ ಅಧ್ಯಾಪಕರಿಗೆ ಆ ಒಂದು ಸಾಲೇ ದಾರಿದೀಪ.

ಯಂತ್ರವನ್ನು ಮುಚ್ಚಿ, ವಿದ್ಯುತ್ ತಂತಿಯನ್ನು ಗೋಡೆಯಿಂದ ಕಳಚಿ, ಅನಂತರ ಪವರ್ ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿಯಬೇಕು. ಒಳಗೆ ಉಳಿದ ವಿದ್ಯುತ್ತು ಇಳಿದುಹೋಗುತ್ತದೆ. ಪಕ್ಕದ ಮುಚ್ಚಳ ತೆಗೆದ ಮೇಲೆ ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ ಮೈಯಲ್ಲಿನ ಸ್ಥಿರವಿದ್ಯುತ್ತನ್ನು ಕಳೆಯಬೇಕು. ಸೊಲ್ಲಾಪುರ, ಅಕ್ಕಲಕೋಟೆ, ಆದವಾನಿಯಂಥ ಒಣ ಹವೆಯ ಊರುಗಳಲ್ಲಿ ಈ ಎಚ್ಚರ ಹೆಚ್ಚು ಅಗತ್ಯ, ಏಕೆಂದರೆ ಗಾಳಿ ಒಣಗಿದಷ್ಟೂ ಸ್ಥಿರವಿದ್ಯುತ್ತು ಹೆಚ್ಚುತ್ತದೆ. ಕಾಸರಗೋಡಿನ ಕರಾವಳಿಯಲ್ಲಿ ತೊಂದರೆ ಬೇರೆ ಬಗೆಯದು: ಮಳೆಗಾಲದ ತೇವದಿಂದ ಪಟ್ಟಿಯ ಸಂಪರ್ಕಬಿಂದುಗಳು ಮಂಕಾಗಬಹುದು. ಅವುಗಳನ್ನು ನೂಲೆಳೆ ಬಿಡದ ಒಣ ಬಟ್ಟೆಯಿಂದ ಮೆಲ್ಲಗೆ ಒರೆಸಬೇಕು, ಬೆರಳಿನಿಂದ ಮುಟ್ಟಬಾರದು.

ಏನನ್ನಾದರೂ ಕೀಳುವ ಮುನ್ನ ಇದ್ದ ಸ್ಥಿತಿಯ ಒಂದು ಚಿತ್ರವನ್ನು ಬರೆದುಕೊಳ್ಳಬೇಕು, ಇಲ್ಲವೇ ಫೋಟೋ ತೆಗೆಯಬೇಕು. ಬಳಿಕ ಸ್ಲಾಟಿನ ಎರಡೂ ತುದಿಯ ಕೊಂಡಿಗಳನ್ನು ಹೊರಕ್ಕೆ ಒತ್ತಿದರೆ ಪಟ್ಟಿ ತಾನಾಗಿ ಮೇಲೇಳುತ್ತದೆ. ಕೂರಿಸುವಾಗ ಕಚ್ಚನ್ನು ಹೊಂದಿಸಿ, ಎರಡು ಹೆಬ್ಬೆರಳುಗಳಿಂದ ಎರಡೂ ತುದಿಗಳನ್ನು ಸಮವಾಗಿ ಒತ್ತಬೇಕು. ಕೊಂಡಿಗಳು ಟಕ್ಕೆಂದು ತಾವಾಗಿ ಮುಚ್ಚಿಕೊಂಡರೆ ಪಟ್ಟಿ ಸರಿಯಾಗಿ ಕುಳಿತಿದೆ ಎಂದರ್ಥ. ಯಂತ್ರ ಹೊತ್ತಿಸಿದಾಗ ಪರದೆ ಕಪ್ಪಾಗಿಯೇ ಉಳಿದು ಬೀಪ್ ಸದ್ದು ಮತ್ತೆ ಮತ್ತೆ ಬಂದರೆ ಗಾಬರಿ ಬೇಡ. ಪಟ್ಟಿ ಪೂರ್ತಿ ಕುಳಿತಿಲ್ಲದಿರುವುದೇ ಅದಕ್ಕೆ ಸಾಮಾನ್ಯ ಕಾರಣ. ವಿದ್ಯುತ್ತು ಕಳಚಿ ಮತ್ತೊಮ್ಮೆ ಕೂರಿಸಬೇಕು. ಆಗಲೂ ಆಗದಿದ್ದರೆ ಒಂದೊಂದೇ ಪಟ್ಟಿಯನ್ನು ಹಾಕಿ ಪರೀಕ್ಷಿಸಿದಲ್ಲಿ ಕೆಟ್ಟದ್ದು ಯಾವುದೆಂದು ಗೊತ್ತಾಗುತ್ತದೆ.

ಎರಡನೆಯ ದಾರಿ ತೆರೆಯಿತೆಂದು ತಿಳಿಯುವುದು ಹೇಗೆ? ಅನೇಕ ಹಳೆಯ ಬೋರ್ಡುಗಳು ಯಂತ್ರ ಆರಂಭವಾಗುವಾಗ ಮೊದಲ ಪರದೆಯಲ್ಲಿ ಡ್ಯುಯಲ್ ಚಾನೆಲ್ ಎಂಬ ಪದವನ್ನೇ ತೋರಿಸುತ್ತವೆ. ವಿಂಡೋಸ್ ಇರುವಲ್ಲಿ ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶದ ಮೆಮೊರಿ ಪುಟದಲ್ಲಿ ಚಾನೆಲ್‌ಗಳ ಉಲ್ಲೇಖವಿರುತ್ತದೆ. ಲಿನಕ್ಸ್ ಇರುವಲ್ಲಿ ಡಿಎಂಐಡಿಕೋಡ್ ಎಂಬ ಆಜ್ಞೆಯು ಯಾವ ಸ್ಲಾಟಿನಲ್ಲಿ ಎಷ್ಟು ಪ್ರಮಾಣದ ಪಟ್ಟಿ ಇದೆಯೆಂಬುದನ್ನು ತಿಳಿಸುತ್ತದೆ. ಕೈಪಿಡಿಯೊಡನೆ ಅದನ್ನು ತಾಳೆ ನೋಡಿದರೆ ಉತ್ತರ ದೊರೆಯುತ್ತದೆ. ಹಳೆಯ ಪಟ್ಟಿಗಳನ್ನು ಕಲೆಹಾಕಿ ಹೊಸ ಜೋಡಿ ಮಾಡಿದಾಗ ಮೆಮ್‌ಟೆಸ್ಟ್86+ ಎಂಬ ಪರೀಕ್ಷೆಯನ್ನು ಒಂದು ರಾತ್ರಿ ನಡೆಯಲು ಬಿಡುವುದು ಕ್ಷೇಮ.

ಇಷ್ಟೆಲ್ಲ ಮಾಡಿದ ಮೇಲೆ ಫಲವೆಷ್ಟು? ಇಲ್ಲಿ ಪ್ರಾಮಾಣಿಕತೆ ಅವಶ್ಯ. ದಾರಿಯ ಅಗಲ ಎರಡು ಪಟ್ಟಾದರೂ ಯಂತ್ರದ ವೇಗ ಎರಡು ಪಟ್ಟಾಗುವುದಿಲ್ಲ. ಬಡಿಸುವವರು ಇಬ್ಬರಾದರೂ ಅಡುಗೆಮನೆಗೂ ಪಂಕ್ತಿಗೂ ಇರುವ ದೂರ ಕಡಿಮೆಯಾಗುವುದಿಲ್ಲವಷ್ಟೇ! ಬರಿಯ ಬರವಣಿಗೆಯ ಕೆಲಸದಲ್ಲಿ ವ್ಯತ್ಯಾಸ ಕಣ್ಣಿಗೆ ಬೀಳದೆಯೂ ಇರಬಹುದು. ಆದರೆ ಶಾಲೆಯ ಗಣಕಗಳಲ್ಲಿ ಬಹುಪಾಲಿಗೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು ಇರುವುದಿಲ್ಲ. ಬೋರ್ಡಿನಲ್ಲೇ ಅಡಕವಾದ ಗ್ರಾಫಿಕ್ಸ್ ಘಟಕವು ಪ್ರೊಸೆಸರಿನೊಡನೆ ಅದೇ ರ‍್ಯಾಮನ್ನು ಹಂಚಿಕೊಳ್ಳುತ್ತದೆ. ಪರದೆಯ ಮೇಲಿನ ಚಿತ್ರವನ್ನು ಕ್ಷಣಕ್ಷಣವೂ ಅಲ್ಲಿಂದಲೇ ಓದಬೇಕು. ಅಂಥ ಯಂತ್ರಗಳಲ್ಲಿ ಪಾಠದ ವಿಡಿಯೋ, ಜಿಯೋಜೀಬ್ರಾದಂಥ ಚಲಿಸುವ ಚಿತ್ರ, ಪುಟಗಳ ಸರಿದಾಟ ಇವುಗಳಲ್ಲಿ ಎರಡನೆಯ ದಾರಿಯ ಪ್ರಯೋಜನ ಹೆಚ್ಚು.

ಇದಕ್ಕಿಂತಲೂ ಮುಖ್ಯವಾದ ಮಾತೊಂದಿದೆ: ಪ್ರಮಾಣ ಮೊದಲು, ಜೋಡಿ ಅನಂತರ. ರ‍್ಯಾಮ್ ಸಾಲದೆ ಬಂದಾಗ ಯಂತ್ರವು ಮಾಹಿತಿಯನ್ನು ಹಾರ್ಡ್ ಡಿಸ್ಕಿಗೆ ಸಾಗಿಸುತ್ತದೆ, ಬೇಕಾದಾಗ ಮತ್ತೆ ತರುತ್ತದೆ. ಡಿಸ್ಕು ರ‍್ಯಾಮಿಗಿಂತ ಎಷ್ಟೋ ಪಟ್ಟು ನಿಧಾನ. ಕನ್ನಡದ ಅಕ್ಷರ ತಡವಾಗಿ ಮೂಡುವ ಆ ದೃಶ್ಯದ ಹಿಂದೆ ಸಾಮಾನ್ಯವಾಗಿ ಇರುವುದು ಈ ಓಡಾಟವೇ. ಡಿಸ್ಕಿನ ಕೆಂಪು ದೀಪ ಎಡೆಬಿಡದೆ ಮಿನುಗುತ್ತಿದ್ದರೆ ಅದೇ ಅದರ ಸಾಕ್ಷಿ. ಆದ್ದರಿಂದ ಜೋಡಿ ಕೂಡಿಸುವ ಆಸೆಯಿಂದ 3 ಗಿಗಾಬೈಟ್ ಇರುವ ಯಂತ್ರವನ್ನು 2ಕ್ಕೆ ಇಳಿಸಬಾರದು. ಇರುವ ಪ್ರಮಾಣವನ್ನು ಉಳಿಸಿಕೊಂಡು ಸ್ಥಳ ಬದಲಾವಣೆಯಿಂದ ಜೋಡಿ ಸಿಗುವುದಾದರೆ ಅದು ಖರ್ಚಿಲ್ಲದ ಲಾಭ, ಅದನ್ನು ಬಿಡಬಾರದು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಒಂದು ಕೊಠಡಿಯಲ್ಲಿ 945 ಚಿಪ್‌ಸೆಟ್‌ನ ಎರಡು ಗಣಕಗಳಿವೆ. ಪ್ರತಿಯೊಂದರಲ್ಲಿಯೂ 1 ಗಿಗಾಬೈಟ್‌ನ ಒಂದು ಪಟ್ಟಿ, 512 ಮೆಗಾಬೈಟ್‌ನ ಒಂದು ಪಟ್ಟಿ. ಎರಡರಲ್ಲಿಯೂ ಒಂಟಿ ದಾರಿ. ಅದಲುಬದಲು ಮಾಡಿದರೆ ಒಂದಕ್ಕೆ 2 ಗಿಗಾಬೈಟ್ ಜೋಡಿ, ಇನ್ನೊಂದಕ್ಕೆ 1 ಗಿಗಾಬೈಟ್ ಜೋಡಿ ದೊರೆಯುತ್ತದೆ. ಹಾಗೆ ಮಾಡುವುದು ಸರಿಯೇ? ಒಂದರಲ್ಲಿ ಬ್ರೌಸರ್ ಮತ್ತು ವಿಡಿಯೋ, ಇನ್ನೊಂದರಲ್ಲಿ ಬರಿಯ ಟೈಪಿಂಗ್ ಅಭ್ಯಾಸ ಎಂದು ಕೆಲಸ ಹಂಚುವುದಾದರೆ ಸರಿ. ಎರಡರಲ್ಲಿಯೂ ಎಲ್ಲ ಕೆಲಸ ನಡೆಯಬೇಕಾದರೆ ತಪ್ಪು. ಒಂದು ಮಗುವಿನ ಅನುಕೂಲವನ್ನು ಕಿತ್ತು ಇನ್ನೊಂದಕ್ಕೆ ಕೊಟ್ಟಂತಾಗುತ್ತದೆ. ಈ ನಿರ್ಧಾರ ತಂತ್ರಜ್ಞನದಲ್ಲ, ತರಗತಿಯನ್ನು ಬಲ್ಲ ಅಧ್ಯಾಪಕರದು. ಇನ್ನೊಂದು ಕಡೆ ದುರಸ್ತಿಯಾಗದ ಮೂರನೆಯ ಯಂತ್ರವೊಂದು ಮೂಲೆಯಲ್ಲಿದ್ದು, ಅದರಲ್ಲಿ ಅದೇ ಬಗೆಯ 512 ಮೆಗಾಬೈಟ್‌ನ ಎರಡು ಪಟ್ಟಿಗಳಿದ್ದರೆ ಪ್ರಶ್ನೆಯೇ ಬಗೆಹರಿಯುತ್ತದೆ: ನಾಲ್ಕು ಸ್ಲಾಟಿನ ಬೋರ್ಡುಗಳಾದರೆ ಎರಡಕ್ಕೂ ಒಂದೊಂದನ್ನು ಸೇರಿಸಿ, ಒಂದು ಚಾನೆಲ್‌ನಲ್ಲಿ 1 ಗಿಗಾಬೈಟ್, ಇನ್ನೊಂದರಲ್ಲಿ 512ರ ಎರಡು ಪಟ್ಟಿ ಇಡಬಹುದು. ಎರಡೂ ಯಂತ್ರಗಳಿಗೆ 2 ಗಿಗಾಬೈಟ್, ಎರಡಕ್ಕೂ ಜೋಡಿ ದಾರಿ, ಖರ್ಚು ಸೊನ್ನೆ.

ಕೇರಳದಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಎಂಬ ಹೆಸರಿನಲ್ಲಿ ಆರಂಭವಾಗಿ ಈಗ ಕೈಟ್ ಎಂಬ ಸಂಸ್ಥೆಯಾಗಿರುವ ಯೋಜನೆಯು ಶಾಲೆಗಳಲ್ಲಿ ಸ್ವತಂತ್ರ ತಂತ್ರಾಂಶವನ್ನು ನೆಲೆಗೊಳಿಸಿದೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಐಸಿಟಿ ಪಠ್ಯವು ಕನ್ನಡದಲ್ಲಿಯೇ ಇದೆ. ಪಠ್ಯ ಕನ್ನಡದಲ್ಲಿದ್ದ ಮೇಲೆ ಯಂತ್ರದ ಒಳಗನ್ನೂ ಕನ್ನಡದಲ್ಲಿಯೇ ವಿವರಿಸುವುದು ಮುಂದಿನ ಹೆಜ್ಜೆ. ಪಟ್ಟಿಯನ್ನು ಕೀಳುವ, ಕೂರಿಸುವ ಕೆಲಸವನ್ನು ಅಧ್ಯಾಪಕರು ಬಾಗಿಲು ಮುಚ್ಚಿಕೊಂಡು ಮಾಡದೆ ಮಕ್ಕಳ ಎದುರಿನಲ್ಲಿ ಮಾಡಲಿ. ಚೀಟಿಯ ಸಂಖ್ಯೆಯನ್ನು ಒಬ್ಬಳು ಓದಲಿ, ಇನ್ನೊಬ್ಬನು ಹಲಗೆಯ ಮೇಲೆ ಭಾಗಾಕಾರ ಮಾಡಲಿ, ಮತ್ತೊಬ್ಬಳು ಹಿಂದಿನ ಹಾಗೂ ಇಂದಿನ ಸ್ಥಿತಿಯನ್ನು ನೋಟುಪುಸ್ತಕದಲ್ಲಿ ಬರೆಯಲಿ. ಯಂತ್ರ ಆರಂಭವಾಗಲು ಹಿಡಿಯುವ ಸಮಯವನ್ನೂ ಒಂದು ವಿಡಿಯೋ ತಡೆಯಿಲ್ಲದೆ ನಡೆಯುವುದನ್ನೂ ಮೊದಲು ಒಮ್ಮೆ, ಅನಂತರ ಒಮ್ಮೆ ಅವರೇ ಅಳೆಯಲಿ. ವ್ಯತ್ಯಾಸ ಕಡಿಮೆಯಿದ್ದರೆ ಕಡಿಮೆಯೆಂದೇ ಬರೆಯಲಿ.

ಹೀಗೆ ನೋಡಿದ ಮಗು ನಿಧಾನದ ಕಾರಣವನ್ನು ತನ್ನ ಭಾಷೆಯ ಮೇಲೆ ಹೊರಿಸುವುದಿಲ್ಲ. ಮುಚ್ಚಿದ್ದುದು ಒಂದು ದಾರಿ, ಕಡಿಮೆಯಿದ್ದುದು ಒಂದು ಪಟ್ಟಿ ಎಂದು ಅದಕ್ಕೆ ತಿಳಿದಿರುತ್ತದೆ. ಬರುವ ವಾರದಲ್ಲಿ ಪ್ರತಿಯೊಬ್ಬ ಅಧ್ಯಾಪಕರೂ ತಮ್ಮ ಕೊಠಡಿಯ ಒಂದೇ ಒಂದು ಗಣಕದ ಮುಚ್ಚಳವನ್ನು, ಮೇಲೆ ಹೇಳಿದ ಒಪ್ಪಿಗೆ ಮತ್ತು ಎಚ್ಚರಗಳೊಡನೆ, ತೆರೆದು ಪಟ್ಟಿಗಳು ಯಾವ ಸ್ಲಾಟುಗಳಲ್ಲಿವೆಯೆಂದು ನೋಡಿದರೆ ಈ ಉಪನ್ಯಾಸದ ಉದ್ದೇಶ ನೆರವೇರಿದಂತೆ.